ಹುಸಿಪುಷ್ಟಿ

ಹಳೇಬೀಡಿನ ದ್ವಾರಸಮುದ್ರದ ಕೆರೆಯೇರಿಯ ಮೇಲೆ ದಿನವೂ ಪ್ರಾತಃಕಾಲದಲ್ಲಿ ನಡೆದಾಡುತ್ತಿದ್ದ ವೃದ್ಧ ಗೃಹಸ್ಥರೊಬ್ಬರನ್ನು ಕಂಡವರೆಲ್ಲರೂ, “ಏನು ರಾಯರೇ, ಈಚೆಗೆ ಮೈ ತುಂಬಿಕೊಂಡಿದ್ದೀರಿ!” ಎಂದು ಸಂತೋಷಪಡುತ್ತಿದ್ದರು. ಮುಖವು ಹುಣ್ಣಿಮೆಯ ಚಂದ್ರನಂತೆ ಗುಂಡಗಾಗಿದ್ದಿತು. ತೋಳುಗಳು ಮಾತ್ರ ಕಡ್ಡಿಯಂತಿದ್ದುವು. ಶಾಲು ಹೊದ್ದವರ ತೋಳನ್ನು ನೋಡುವವರಾರು?

ರಾಯರಿಗೆ ಯೌವನದಲ್ಲಿ ಕ್ಷಯವು ಬಂದು ಗುಣವಾಗಿದ್ದಿತು. ಅದು ಉಳಿಸಿಹೋದ ಗಾಯದಿಂದ ಶ್ವಾಸನಾಳಗಳು ಹಿಗ್ಗಿ, ಚಳಿಗಾಲದಲ್ಲಿ ಕೆಮ್ಮೂ ಉಬ್ಬಸವೂ ಮರುಕಳಿಸುತ್ತಿದ್ದುವು. ಒಮ್ಮೆ ವೈದ್ಯರು ಐದು ದಿನಗಳ ಮಟ್ಟಿಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಗುಳಿಗೆಯನ್ನು ಬರೆದುಕೊಟ್ಟರು. ಎರಡನೆಯ ದಿನವೇ ಉಸಿರು ಹಗುರವಾಯಿತು, ಹಸಿವು ಹೆಚ್ಚಿತು. ಐದು ದಿನಗಳ ಆ ಚೀಟಿಯು ಔಷಧದಂಗಡಿಯಲ್ಲಿ ಒಂದೂವರೆ ವರ್ಷ ನಡೆಯಿತು!

ಈ ಮೋಹವು ರಾಯರೊಬ್ಬರದೇ ಅಲ್ಲ. 1948ರಲ್ಲಿ ಅಮೆರಿಕದ ಮೇಯೋ ಚಿಕಿತ್ಸಾಲಯದಲ್ಲಿ ಹೆಂಚ್ ಎಂಬ ವೈದ್ಯನು ಇದೇ ವರ್ಗದ ಕಾರ್ಟಿಸೋನನ್ನು ಸಂಧಿವಾತದ ರೋಗಿಯೊಬ್ಬಳಿಗೆ ಕೊಡಲು, ಕೆಲವೇ ದಿನಗಳಲ್ಲಿ ಆಕೆಯು ಎದ್ದು ನಡೆದಳು. 1950ರಲ್ಲಿ ಅವನಿಗೂ ಕೆಂಡಾಲ್, ರೈಖ್‌ಸ್ಟೈನ್ ಎಂಬಿಬ್ಬರಿಗೂ ನೊಬೆಲ್ ಪಾರಿತೋಷಕವು ದೊರೆಯಿತು. ಆದರೆ ಬಹುಕಾಲ ಸೇವಿಸಿದವರಲ್ಲಿ ಮುಖವು ಊದುವುದು, ಮೂಳೆಯು ಟೊಳ್ಳಾಗುವುದು, ರಕ್ತದಲ್ಲಿ ಸಕ್ಕರೆಯೇರುವುದು, ಕಣ್ಣಿಗೆ ಪೊರೆ ಬರುವುದು ಇವೂ ಕಂಡುಬಂದುವು. ಉರಿಯನ್ನಾರಿಸುವ ಅದರ ಗುಣವೇ ದೇಹದ ಕಾವಲನ್ನೂ ಮಲಗಿಸಿಬಿಡುವುದು.

ಧನುರ್ಮಾಸದ ಒಂದು ಬೆಳಗ್ಗೆ ಕೆಮ್ಮಿನೊಡನೆ ನೊರೆಗೂಡಿದ ರಕ್ತವು ಅಂಗವಸ್ತ್ರದ ಮೇಲೆ ಬಿದ್ದಿತು. ರಾಯರು ಯಾರಿಗೂ ಹೇಳಲಿಲ್ಲ. ನಲವತ್ತು ವರ್ಷಗಳ ಸಂಸಾರದಲ್ಲಿ ಒಂದು ವಸ್ತ್ರವನ್ನೂ ಒಗೆಯದವರು ಬಾವಿಯ ಕಟ್ಟೆಯ ಮೇಲೆ ಅದನ್ನು ಉಜ್ಜುತ್ತಿರುವುದನ್ನು ಪತ್ನಿಯು ಕಂಡರು.

“ಏನೂ ಇಲ್ಲ, ಎಲೆಯಡಕೆಯ ಕರೆ.”

“ನೀವು ಎಲೆ ಹಾಕುವುದನ್ನು ಬಿಟ್ಟು ಹತ್ತು ವರ್ಷವಾಯಿತಲ್ಲ!”

ರಾಯರು ಮಾತಿಲ್ಲದೆ ಕುಳಿತರು. ಮನೆಯಲ್ಲಿ ಎಳೆಯ ಮೊಮ್ಮಗುವಿದ್ದಿತು. ಹಳೆಯ ರೋಗದ ಹೆಸರನ್ನು ಎತ್ತಲು ನಾಲಗೆಯೇ ಏಳದು. ಗುಳಿಗೆಗಳನ್ನೆಲ್ಲ ಅಂದೇ ಕೆರೆಗೆಸೆಯುವೆನೆಂದು ಎದ್ದವರನ್ನು ಮಗನು ತಡೆದು ಹಾಸನಕ್ಕೆ ಕರೆದೊಯ್ದನು.

ಚರಕನ ಚಿಕಿತ್ಸಾಸ್ಥಾನದಲ್ಲಿ ರಕ್ತಪಿತ್ತಕ್ಕೂ ರಾಜಯಕ್ಷ್ಮಕ್ಕೂ ಕ್ಷತಕ್ಷೀಣಕ್ಕೂ ಬೇರೆಬೇರೆ ಅಧ್ಯಾಯಗಳುಂಟು. ಬಾಯಿಂದ ಬಂದ ರಕ್ತವೆಲ್ಲವೂ ಒಂದೇ ಎಂದು ಪೂರ್ವಿಕರೂ ಬಗೆಯಲಿಲ್ಲ. ಹಾಸನದ ವೈದ್ಯರೂ ಮೊದಲು ಕೇಳಿದುದು ಅದನ್ನೇ: ರಕ್ತವು ಕೆಮ್ಮಿನಲ್ಲಿ ಬಂದಿತೋ, ವಾಂತಿಯಲ್ಲಿಯೋ? ಸ್ಟೀರಾಯ್ಡಿನೊಡನೆ ನೋವಿನ ಗುಳಿಗೆಯೂ ಸೇರಿದರೆ ಜಠರದಲ್ಲಿ ಹುಣ್ಣಾಗಿ, ಕಾಫಿಯ ಗಸಿಯಂತೆ ಕಪ್ಪಾದ ರಕ್ತವು ವಾಂತಿಯಾಗುವುದುಂಟು. ಬೆನ್ನುನೋವಿಗೆಂದು ರಾಯರು ಅದನ್ನೂ ನುಂಗುತ್ತಿದ್ದರು. ಆದರೆ ಕಫದ ಪರೀಕ್ಷೆಯಲ್ಲಿ ಕಂಡುದು ಕ್ಷಯದ ಕ್ರಿಮಿ. ಅದು ಮತ್ತೆ ತಲೆಯೆತ್ತಿದ್ದಿತು; ಗುಳಿಗೆಯು ಜ್ವರವನ್ನೂ ಬಳಲಿಕೆಯನ್ನೂ ಮರೆಮಾಡಿದ್ದಿತು.

ಗುಳಿಗೆಯನ್ನು ಒಮ್ಮೆಗೇ ಬಿಡಬಾರದೆಂದರು ವೈದ್ಯರು. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ತಾವು ಸ್ರವಿಸಬೇಕಾದ ರಸವನ್ನು ಮರೆತು ಕುಳಿತಿರುವುವು. ಥಟ್ಟನೆ ನಿಲ್ಲಿಸಿದರೆ ರಕ್ತದ ಒತ್ತಡವು ಕುಸಿದು ಪ್ರಾಣಕ್ಕೇ ಅಪಾಯ. ವಾರವಾರಕ್ಕೂ ಸ್ವಲ್ಪಸ್ವಲ್ಪವಾಗಿ ಇಳಿಸಿದರು. ಕ್ಷಯದ ಔಷಧವು ತಿಂಗಳುಗಟ್ಟಲೆ ತಪ್ಪದೆ ನಡೆಯಿತು. ಮನೆಯವರೆಲ್ಲರೂ, ಮೊಮ್ಮಗುವೂ, ಪರೀಕ್ಷೆಗೆ ಒಳಗಾದರು. ಮಗುವಿಗೆ ಏನೂ ಇಲ್ಲವೆಂದು ತಿಳಿದ ದಿನ ರಾಯರು ಬಹು ದಿವಸಗಳ ಮೇಲೆ ಹೊಟ್ಟೆ ತುಂಬ ಉಂಡರು.

ಈಗ ಮತ್ತೆ ಕೆರೆಯೇರಿಗೆ ಬರುತ್ತಾರೆ. ಮುಖದ ಗುಂಡು ಇಳಿದು ಕೆನ್ನೆಯ ಮೂಳೆಗಳು ಕಾಣುತ್ತಿವೆ. “ಅಯ್ಯೋ, ಎಷ್ಟು ಸೊರಗಿಹೋದಿರಿ ರಾಯರೇ!” ಎಂದು ಜನರು ಮರುಗುವರು.