ಮಾತು ಬಾರದ ಕೂಸಿನ ಪರವಾಗಿ ಒಂದು ಚೀಟಿ

ಬಾಣಂತಿಯ ಮನೆಗೆ ಹೋದಾಗ ನಮ್ಮ ದೃಷ್ಟಿ ಮೊದಲು ಬೀಳುವುದು ಕೂಸಿನ ಮೈಬಣ್ಣದ ಮೇಲೆ. ತಾಯಿಯದೋ, ತಂದೆಯದೋ ಎಂದು ಮಾತನಾಡಿಕೊಳ್ಳುತ್ತೇವೆ. ಆ ಎಳೆಯ ಚರ್ಮಕ್ಕೆ ಎಷ್ಟು ದೊಡ್ಡ ಹೊಣೆಯಿದೆ ಎಂಬುದು ನಮ್ಮ ನೆನಪಿಗೆ ಬರುವುದಿಲ್ಲ. ದೇಹದ ನೀರನ್ನೂ ಬಿಸಿಯನ್ನೂ ಒಳಗೆ ಹಿಡಿದಿಡುವುದು ಅದೇ. ರೋಗಾಣುಗಳನ್ನು ಹೊರಗೆ ತಡೆಯುವುದೂ ಅದೇ. ತೂಕಕ್ಕೆ ಹೋಲಿಸಿದರೆ ನವಜಾತ ಶಿಶುವಿನ ಚರ್ಮದ ವಿಸ್ತಾರ ದೊಡ್ಡವರದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಆದ್ದರಿಂದ ಆ ಗೋಡೆ ಕುಸಿದರೆ ಮಗು ಬಹು ಬೇಗನೆ ನೀರನ್ನೂ ಶಾಖವನ್ನೂ ಕಳೆದುಕೊಳ್ಳುತ್ತದೆ.

ನವಜಾತ ಶಿಶುಗಳ ವಾರ್ಡಿನಲ್ಲಿ ಬಹುಕಾಲ ದಾದಿಯಾಗಿ ದುಡಿದವಳು ನಾನು. ಮೊದಲಿಗೆ ಸಮಾಧಾನದ ಮಾತೊಂದನ್ನು ಹೇಳುತ್ತೇನೆ. ಕೂಸಿನ ಮೈಮೇಲೆ ಕಾಣುವ ಪ್ರತಿ ಕೆಂಪು ಮಚ್ಚೆಗೂ ಹೆದರಬೇಕಾಗಿಲ್ಲ. ಹುಟ್ಟಿದ ಎರಡು ಮೂರನೆಯ ದಿನ, ತಿಂಗಳು ತುಂಬಿ ಹುಟ್ಟಿದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಅಂತಹ ಮಚ್ಚೆಗಳು ಬರುತ್ತವೆ. ಮಗು ಚೆನ್ನಾಗಿ ಹಾಲು ಕುಡಿದು ನಿದ್ರಿಸುತ್ತಿದ್ದರೆ ಅವು ತಾವಾಗಿಯೇ ಮಾಯವಾಗುತ್ತವೆ.

ಹೆದರಬೇಕಾದದ್ದು ಬೇರೆಯೇ ಇದೆ. ಸ್ಕಾಟ್ಲೆಂಡಿನ ಚರ್ಮವೈದ್ಯ ಆಲನ್ ಲೈಯೆಲ್ 1956ರಲ್ಲಿ ಒಂದು ಕಾಯಿಲೆಯನ್ನು ವಿವರಿಸಿದರು. ಅದರಲ್ಲಿ ರೋಗಿಯ ಚರ್ಮವು ಕುದಿಯುವ ನೀರು ಬಿದ್ದಂತೆ ಕೆಂಪಾಗಿ, ನೀರ್ಗುಳ್ಳೆಗಳೆದ್ದು, ಹಾಳೆಹಾಳೆಯಾಗಿ ಸುಲಿಯುತ್ತದೆ. ಬಾಯಿ, ತುಟಿ, ಕಣ್ಣುಗಳೂ ಹುಣ್ಣಾಗುತ್ತವೆ. ಬಹುಪಾಲು ಇದಕ್ಕೆ ಕಾರಣ ಯಾವುದೋ ಒಂದು ಔಷಧ: ಫಿಟ್ಸ್‌ಗೆ ಕೊಡುವ ಫಿನೋಬಾರ್ಬಿಟೋನ್, ಸಲ್ಫಾ ಗುಂಪಿನ ಮದ್ದುಗಳು, ಕೆಲವು ಆಂಟಿಬಯಾಟಿಕ್‌ಗಳು. ಔಷಧ ಆರಂಭಿಸಿದ ನಾಲ್ಕು ದಿನಗಳಿಂದ ನಾಲ್ಕು ವಾರಗಳೊಳಗೆ ಇದು ಕಾಣಿಸಿಕೊಳ್ಳುವುದು ಸಾಮಾನ್ಯ. ಹಸುಗೂಸುಗಳಲ್ಲಿ ಇದು ಅತಿ ಅಪರೂಪ. ಬಂದರೆ ಪ್ರಾಣಕ್ಕೇ ಸಂಚಕಾರ.

ಇದನ್ನೇ ಹೋಲುವ ಇನ್ನೊಂದು ಕಾಯಿಲೆಯೂ ಇದೆ. ಪ್ರಾಗ್ ನಗರದ ಪರಿತ್ಯಕ್ತ ಶಿಶುಗಳ ಪಾಲನಾಗೃಹದಲ್ಲಿ ತಾವು ಕಂಡ 297 ಶಿಶುಗಳ ವಿವರವನ್ನು ರಿಟ್ಟರ್ ಎಂಬ ವೈದ್ಯರು 1878ರಲ್ಲಿ ಬರೆದಿಟ್ಟರು. ಅಲ್ಲಿಯೂ ಚರ್ಮ ಸುಲಿಯುತ್ತದೆ. ಆದರೆ ಅದಕ್ಕೆ ಕಾರಣ ಸ್ಟ್ಯಾಫಿಲೋಕಾಕಸ್ ಎಂಬ ರೋಗಾಣು ಸೂಸುವ ವಿಷ. ಈಗ ಯೋಚಿಸಿ ನೋಡಿ: ಒಂದರಲ್ಲಿ ಔಷಧವನ್ನು ತಕ್ಷಣ ನಿಲ್ಲಿಸಬೇಕು, ಇನ್ನೊಂದರಲ್ಲಿ ಆಂಟಿಬಯಾಟಿಕ್ ಔಷಧವನ್ನು ತಕ್ಷಣ ಕೊಡಬೇಕು. ವೈದ್ಯರು ಬಾಯೊಳಗೆ ನೋಡುತ್ತಾರೆ, ಚರ್ಮದ ಚೂರನ್ನು ಪರೀಕ್ಷೆಗೆ ಕಳುಹಿಸುತ್ತಾರೆ. ಅವರು ಮನೆಯವರಿಗೆ ಕೇಳುವ ಮೊದಲ ಪ್ರಶ್ನೆ ಮಾತ್ರ ಒಂದೇ: “ಮಗುವಿಗೆ ಏನು ಕೊಟ್ಟಿದ್ದಿರಿ? ಯಾವತ್ತಿನಿಂದ?”

ಈ ಪ್ರಶ್ನೆಗೆ ದೊರೆತ ಎರಡು ಉತ್ತರಗಳು ನನ್ನ ಮನಸ್ಸಿನಲ್ಲಿ ಉಳಿದಿವೆ. ಒಂದು ಮಗುವಿನ ತಂದೆ, “ಬಿಳಿ ಸಿರಪ್ಪು ಸಿಸ್ಟರ್, ಬಾಟಲಿ ಎಸೆದುಬಿಟ್ಟೆವು” ಎಂದರು. ಆ ಮಗು ನಮ್ಮ ಕೈತಪ್ಪಿ ಹೋಯಿತು. ಔಷಧದ ಹೆಸರು ತಿಳಿದಿದ್ದರೆ ಉಳಿಯುತ್ತಿತ್ತೆಂದು ನಾನು ಹೇಳಲಾರೆ. ಆ ಮನೆಯವರ ಮೇಲೆ ತಪ್ಪು ಹೊರಿಸಲೂ ಆರೆ. ಕೆಲವು ವರ್ಷಗಳ ಬಳಿಕ ಇಪ್ಪತ್ತೈದು ದಿನದ ಇನ್ನೊಂದು ಮಗುವನ್ನು ಅದರ ಅಜ್ಜಿ ಹೊತ್ತು ತಂದರು. ಹುಟ್ಟಿದೊಡನೆ ಫಿಟ್ಸ್ ಬಂದದ್ದರಿಂದ ಅದಕ್ಕೆ ಮನೆಯಲ್ಲಿ ಔಷಧ ನಡೆಯುತ್ತಿತ್ತು. “ಅಮ್ಮಾ, ಯಾವ ಔಷಧ?” ಎಂದು ಕೇಳಿದೆ. ಅವರಿಗೆ ಓದು ಬರುತ್ತಿರಲಿಲ್ಲ. ಸೆರಗಿನ ಗಂಟು ಬಿಚ್ಚಿ ಕ್ಯಾಲೆಂಡರಿನ ಒಂದು ಹಾಳೆ ಕೊಟ್ಟರು. ಏಳನೆಯ ತರಗತಿಯ ಮೊಮ್ಮಗನಿಂದ ಬಾಟಲಿಯ ಮೇಲಿನ ಹೆಸರನ್ನು ಅಕ್ಷರ ಅಕ್ಷರವಾಗಿ ಬರೆಯಿಸಿದ್ದರು. ಆರಂಭಿಸಿದ ದಿನಾಂಕವೂ ಅದರಲ್ಲಿತ್ತು. ವೈದ್ಯರು ಆ ಔಷಧವನ್ನು ಆ ಕ್ಷಣವೇ ನಿಲ್ಲಿಸಿ, ಫಿಟ್ಸ್‌ಗೆ ಬೇರೆ ವ್ಯವಸ್ಥೆ ಮಾಡಿದರು. ಮುಂದಿನದು ಸುಟ್ಟ ಗಾಯದ ಮಗುವಿಗೆ ಮಾಡುವ ಆರೈಕೆಯೇ: ಬೆಚ್ಚಗಿನ ಪೆಟ್ಟಿಗೆ, ಅಂಟಿಕೊಳ್ಳದ ಪಟ್ಟಿ, ಅಳೆದು ಕೊಡುವ ದ್ರವ, ಕಣ್ಣಿನ ವೈದ್ಯರ ಭೇಟಿ. ಮೂರು ವಾರಗಳಾದ ಮೇಲೆ ಆ ಮಗು ಹೊಸ ಚರ್ಮ ಹೊತ್ತು ಮನೆಗೆ ಹೋಯಿತು.

ಓದುಗರೇ, ನಿಮ್ಮ ಮನೆಯಲ್ಲಿಯೂ ಅಂತಹ ಒಂದು ಚೀಟಿ ಇರಲಿ. ಕೂಸಿಗೆ ಕುಡಿಸಿದ್ದು, ಚುಚ್ಚಿಸಿದ್ದು, ಮೈಗೆ ಹಚ್ಚಿದ್ದು, ಹಾಲೂಡಿಸುವ ತಾಯಿ ನುಂಗಿದ್ದು ಎಲ್ಲವನ್ನೂ ದಿನಾಂಕದೊಡನೆ ಬರೆದಿಡಿ. ನಾಟಿ ಮದ್ದಾದರೂ ಸಂಕೋಚವಿಲ್ಲದೆ ಬರೆಯಿರಿ. ಔಷಧ ಆರಂಭವಾದ ಮೇಲೆ ಮೈ ಕೆಂಪಾಗಿ ಜ್ವರ ಬಂದರೆ, ನೀರ್ಗುಳ್ಳೆ ಎದ್ದರೆ, ಬಾಯಿ ಹುಣ್ಣಾಗಿ ಮಗು ಹಾಲು ಬಿಟ್ಟರೆ ನಾಳೆಗೆಂದು ಕಾಯಬೇಡಿ. ಎಣ್ಣೆ, ಅರಿಶಿನ, ಅಂಗಡಿಯ ಮುಲಾಮು ಯಾವುದನ್ನೂ ಹಚ್ಚಬೇಡಿ. ಶುಭ್ರವಾದ ಹತ್ತಿಬಟ್ಟೆಯಲ್ಲಿ ಬೆಚ್ಚಗೆ ಸುತ್ತಿ, ಬಾಟಲಿಯ ಸಮೇತ ಆಸ್ಪತ್ರೆಗೆ ಒಯ್ಯಿರಿ. ಫಿಟ್ಸ್ ಔಷಧವನ್ನು ನೀವಾಗಿಯೇ ನಿಲ್ಲಿಸುವುದೂ ಅಪಾಯಕಾರಿ. ಮುಂದಿನ ಸಲ ಕೊಡುವ ಮೊದಲೇ ವೈದ್ಯರನ್ನು ಕಾಣಿರಿ.

ಗುಣವಾದ ಮೇಲೂ ಚೀಟಿಯ ಕೆಲಸ ಮುಗಿಯುವುದಿಲ್ಲ. ಒಮ್ಮೆ ಹೀಗೆ ಮಾಡಿದ ಔಷಧವನ್ನು ಆ ಮಗು ಜೀವಮಾನದಲ್ಲಿ ಮತ್ತೆ ಸೇವಿಸಬಾರದು. ಫಿನೋಬಾರ್ಬಿಟೋನ್ ಆಗದವರಿಗೆ ಅದೇ ಬಗೆಯ ಫೆನಿಟಾಯಿನ್, ಕಾರ್ಬಮಜೆಪಿನ್‌ಗಳೂ ಆಗದಿರಬಹುದು. ಆದುದರಿಂದ ಆ ಹೆಸರನ್ನು ಜನನ ಪ್ರಮಾಣಪತ್ರದ ಜೊತೆಗೇ ಜೋಪಾನವಾಗಿಡಿ. ಮಗು ಬೆಳೆದಾಗ ಅದಕ್ಕೂ ಕಲಿಸಿ. ಇಂತಹ ದುಷ್ಪರಿಣಾಮಗಳನ್ನು ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮವೊಂದು ನಮ್ಮ ದೇಶದಲ್ಲಿ 2010ರಿಂದ ನಡೆಯುತ್ತಿದೆ. ವೈದ್ಯರಷ್ಟೇ ಅಲ್ಲ, ಮನೆಯವರೂ ಅದಕ್ಕೆ ತಿಳಿಸಬಹುದು.

ಔಷಧವನ್ನು ದ್ವೇಷಿಸಬೇಡಿ, ಅದರಿಂದ ಬದುಕಿದ ಕೂಸುಗಳನ್ನು ನಾನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ. ಅದು ಯಾವುದೆಂದು ತಿಳಿದು ಕೊಡಿ, ಕೊಟ್ಟದ್ದನ್ನು ಬರೆದಿಡಿ. ನೋವನ್ನು ಹೇಳಿಕೊಳ್ಳಲಾರದ ಕೂಸಿಗೆ ಆ ಎರಡು ಸಾಲುಗಳೇ ನಾಲಿಗೆ.