ಕೃಷ್ಣೆಯ ಜೊತೆ ಮಹಾಬಳೇಶ್ವರದಿಂದ ಅಥಣಿಗೆ

ಕರಾಡದ ಪ್ರೀತಿಸಂಗಮ ನೋಡಿದ್ದೀರಾ? ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಎಷ್ಟೋ ಸಲ ಓಡಾಡಿದವರೂ ಊರೊಳಗೆ ಗಾಡಿ ತಿರುಗಿಸಿರೋದಿಲ್ಲ. ಸಾಮಾನ್ಯವಾಗಿ ಒಂದು ನದಿ ಇನ್ನೊಂದಕ್ಕೆ ಪಕ್ಕದಿಂದ ಬಂದು ಸೇರುತ್ತೆ. ಇಲ್ಲಿ ಕೃಷ್ಣಾ, ಕೊಯ್ನಾ ಎದುರುಬದುರಾಗಿ ಬಂದು, ಕೂಡಿ, ಪೂರ್ವಕ್ಕೆ ತಿರುಗುತ್ತವೆ.

"ಮಾಮಾ, ಎರಡೂ ಹೊಳಿ ಡಿಕ್ಕಿ ಹೊಡದಾವ ನೋಡ!" ಅಂದ ಅಕ್ಕನ ಮಗ. ಫೋಟೊ ತೆಗೆದು, ಅದರ ಮೇಲೆ ಬೆರಳಿನಿಂದಲೇ ಮೂರು ಬಾಣ ಎಳೆದ. ಎರಡು ನೀಲಿ, ಒಂದು ಕೆಂಪು.

ಅಥಣಿ ಕಡೆಯ ಈ ಹುಡುಗ ಆರನೇ ಕ್ಲಾಸು. ಅವನಿಗೆ ಡಿಸ್ಲೆಕ್ಸಿಯಾ. ಬುದ್ಧಿ, ಕಣ್ಣು ಎರಡೂ ಚೆನ್ನಾಗಿವೆ. ಅಕ್ಷರಕ್ಕೂ ಅದರ ಸದ್ದಿಗೂ ಗಂಟು ಹಾಕೋದು ಮಾತ್ರ ಕಷ್ಟ. ನದಿಗಳ ಪಾಠದ ಒಂದು ಪ್ಯಾರಾ ಓದಿ ಮುಗಿಸೋ ಹೊತ್ತಿಗೆ ಮೊದಲ ಸಾಲು ಮರೆತಿರುತ್ತೆ. ನೋಟ್‌ಬುಕ್‌ನಲ್ಲಿ ಕೆಂಪು ಶಾಯಿಯ 'ಅಪೂರ್ಣ'ಗಳೇ ಜಾಸ್ತಿ. ದೀಪಾವಳಿ ರಜೆಯಲ್ಲಿ ಪಾಠವನ್ನೇ ಕಾರಲ್ಲಿ ಓದೋಣ ಅಂತ ಮೂವರೂ ಹೊರಟೆವು.

ಶುರು ಹಳೇ ಮಹಾಬಳೇಶ್ವರದ ಪಂಚಗಂಗಾ ಗುಡಿಯಿಂದ. ಕಲ್ಲಿನ ಗೋಮುಖದಿಂದ ಬೀಳುವ ಸಣ್ಣ ಧಾರೆ. ಸುಮಾರು 1,400 ಕಿಲೋಮೀಟರ್ ಹರಿಯೋ ನದಿ ಇದೇನಾ ಅಂತ ನಮಗೇ ಅನುಮಾನ! ಹುಡುಗ ಹತ್ತು ಸೆಕೆಂಡಿನ ವಿಡಿಯೊ ಮಾಡಿ, ತನ್ನ ದನಿಯಲ್ಲೇ ಎರಡು ಮಾತು ಸೇರಿಸಿದ. ಕೆಳಗೆ ಪಂಚಗಣಿ. 2007ರ 'ತಾರೇ ಜಮೀನ್ ಪರ್' ಸಿನಿಮಾದ ಶಾಲೆ ಇರೋದು ಇಲ್ಲೇ. ಅಕ್ಕ ಕಾರು ನಿಲ್ಲಿಸಲು ಹೇಳಿ ಗೇಟನ್ನು ಒಂದು ನಿಮಿಷ ಸುಮ್ಮನೆ ನೋಡಿದಳು. ಆಮೇಲೆ ಪಸರಣಿ ಘಾಟ್ ಇಳಿದು ವಾಯಿ, ಢೋಲ್ಯಾ ಗಣಪತಿಯ ಘಾಟು. ಸಾತಾರದಲ್ಲಿ ಕಂದಿ ಪೇಢಾ. ಅದು ಪಾಠಕ್ಕೆ ಸಂಬಂಧವಿಲ್ಲ, ಆದರೆ ಬಿಡಬೇಡಿ.

ಮೊಬೈಲ್ ಕೊಟ್ಟರೆ ಮಕ್ಕಳು ಕೆಡ್ತಾರೆ ಅನ್ನೋರಿಗೆ ನನ್ನದೊಂದು ಮಾತು: ಯಾವ ವಿಡಿಯೊ ಅನ್ನೋದೇ ಮುಖ್ಯ. ಅಕ್ಷರ ಕುಣಿಸುತ್ತಾ, ಜೋರು ಮ್ಯೂಸಿಕ್ ಹಾಕಿ ಓಡೋ ಕಾರ್ಟೂನು ಇವನನ್ನ ಸುಸ್ತು ಮಾಡುತ್ತೆ. ಅದೂ ಇನ್ನೊಂದು ಬೋರ್ಡೇ, ಬೇಗ ಒರೆಸಿಬಿಡೋ ಬೋರ್ಡು. ನಿಲ್ಲಿಸಿ, ಹಿಂದೆ ಎಳೆದು, 0.75 ವೇಗದಲ್ಲಿ ಮತ್ತೆ ನೋಡಬಹುದಾದದ್ದು ಬೇರೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಓದುವ ದನಿಯ ಜೊತೆಗೇ ಪದಗಳು ಬಣ್ಣ ಬದಲಿಸೋ ಕಥೆಗಳಿವೆ, ದುಡ್ಡಿಲ್ಲ. ಕ್ಲಾಸಿನಲ್ಲಿ ಐದನೇ ಸಲ ಕೇಳಿದರೆ ಹುಡುಗರು ನಗ್ತಾರೆ. ಫೋನು ನಗೋದಿಲ್ಲ.

ಎರಡನೇ ದಿನ ಸಾಂಗ್ಲಿ, ಮೀರಜ್ ದಾಟಿ ಉಗಾರ, ಕುಡಚಿ ಕಡೆ ಬಂದಾಗ ನದಿ ಅಗಲವಾಗಿ, ಮಣ್ಣು ಬಣ್ಣವಾಗಿ, ನಮ್ಮದಾಗಿತ್ತು. ಎರಡೂ ದಂಡೆಗೆ ಕಬ್ಬು. ಹೊಳೆಯ ಫೋಟೊ ಮೇಲೆ 'ಕೃಷ್ಣಾ' ಅಂತ ದೊಡ್ಡದಾಗಿ ಟೈಪ್ ಮಾಡಿಕೊಟ್ಟೆ. ಎರಡೇ ಅಕ್ಷರದ ಪದ, ಆದರೆ ಇವನ ಪಾಲಿಗೆ ದೊಡ್ಡ ಘಾಟು: ಕ ಕೆಳಗೆ ಋ ಸುರುಳಿ, ಷ ಕೆಳಗೆ ಣ ಒತ್ತು. ಬೆರಳಲ್ಲಿ ಹಿಗ್ಗಿಸಿದ. ಷ ಮೇಲೆ ಹಳದಿ ಗೀಟು, ಒತ್ತಿನ ಮೇಲೆ ಹಸಿರು. ಫೋನಿನಿಂದ ನಾಲ್ಕು ಸಲ ಓದಿಸಿಕೊಂಡ. ಐದನೇ ಸಲ ಫೋನ್ ಕೆಳಗಿಟ್ಟು ಸೀಟಿನ ಮೇಲೆ ಬೆರಳಲ್ಲಿ ಬರೆದ. ಒತ್ತು ಸರಿಯಾದ ಜಾಗದಲ್ಲೇ ಬಂತು. ಅಕ್ಕ ಕಿಟಕಿ ಕಡೆ ಮುಖ ತಿರುಗಿಸಿದಳು.

ಎಲ್ಲ ತುಣುಕು ಸೇರಿಸಿ ನಾಲ್ಕು ನಿಮಿಷದ ವಿಡಿಯೊ ಆಯ್ತು. ಮೇಡಂ ಪೂರ್ತಿ ನೋಡಿ, ಇಡೀ ಕ್ಲಾಸಿಗೆ ತೋರಿಸಿ, ಕರಾಡದ ಬಾಣಗಳ ಬಗ್ಗೆ ಪ್ರಶ್ನೆ ಕೇಳಿದರಂತೆ. ಎಲ್ಲದಕ್ಕೂ ಬಾಯಲ್ಲೇ ಉತ್ತರ ಹೇಳಿದ್ದಾನೆ. ಆದರೆ ಪರೀಕ್ಷೆ ಕಾಗದದ ಮೇಲೇ, ಎಲ್ಲರಷ್ಟೇ ಟೈಮಲ್ಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ ಅಂತ ತಿಳಿದ ಮೇಲೆ ಅಕ್ಕ ಪ್ರಮಾಣಪತ್ರಕ್ಕಾಗಿ ಓಡಾಡ್ತಿದ್ದಾಳೆ. ಹುಡುಗನಿಗೆ ಅದರ ಚಿಂತೆಯಿಲ್ಲ. ಮುಂದಿನ ರಜೆಗೆ ಆಲಮಟ್ಟಿ ಅಂತೆ, ಚಾರ್ಜರ್ ಎರಡು ತರಬೇಕಂತೆ.