ಕೊಂಬಿನ ಹುಳಕ್ಕೆ ರೆಕ್ಕೆ ಬಂದಾಗ

ಜೇವರ್ಗಿ ತಾಲ್ಲೂಕಿನ ಇಜೇರಿ. ಮುಂಗಾರು ಹದವಾಗಿ ಬಿದ್ದು ಕರಿನೆಲದಲ್ಲಿ ಹೆಸರು, ಉದ್ದು ಎಲೆ ತುಂಬಿಕೊಂಡ ದಿನಗಳು. ಶಾಲೆ ಬಿಟ್ಟು ಹೊಲಕ್ಕೆ ಬಂದ ಹುಡುಗನೊಬ್ಬ ಬೆರಳುಗಾತ್ರದ ಹಸಿರು ಹುಳವನ್ನು ಎಲೆ ಸಮೇತ ಹಿಡಿದು ತಂದ. ಬಾಲದ ತುದಿಯಲ್ಲಿ ಬಾಗಿದ ಕೊಂಬು.

"ಮುತ್ಯಾ, ಇದು ಕಡಿತದೇನು?"

"ಮನಷ್ಯಾಗ ಕಡಿಯಂಗಿಲ್ಲ, ಬೆಳಿ ತಿಂತದ. ಒಗಿ ಅತ್ತಾಗ!"

ಮುತ್ಯಾನ ಸಿಟ್ಟು ಸುಳ್ಳಲ್ಲ. ಇದು ಗಿಡುಗ ಪತಂಗದ ಮರಿ. 1758ರಲ್ಲಿ ಲಿನೇಯಸ್ ಹೆಸರಿಟ್ಟ ಈ ಜೀವಿಗೆ ಈಗಿನ ಶಾಸ್ತ್ರೀಯ ನಾಮ ಅಗ್ರಿಯಸ್ ಕನ್ವಾಲ್ವುಲೈ. ಗೆಣಸಿನ ಬಳ್ಳಿ ಇದರ ಮೆಚ್ಚಿನ ಮೇವು. ಹೆಸರು, ಉದ್ದನ್ನೂ ಬಿಡದು. ಹುಳ ಹೆಚ್ಚಾದರೆ ಗಿಡದಲ್ಲಿ ದಂಟಷ್ಟೇ ಉಳಿದೀತು. ಅಲ್ಲೊಂದು ಇಲ್ಲೊಂದು ಕಂಡಾಗ ಮಾತ್ರ ಕೈಯಿಂದ ಆರಿಸಿದರೆ ಸಾಕು, ಔಷಧದ ಅಂಗಡಿಗೆ ಓಡಬೇಕಿಲ್ಲ. ರಾಶಿಯಾದ ಮೇಲೆ ಹೊಲ ಹರಗಿದರೆ ಮಣ್ಣೊಳಗಿನ ಕೋಶಗಳು ಮೇಲೆದ್ದು ಹಕ್ಕಿಗಳ ಪಾಲಾಗುತ್ತವೆ.

ಹುಡುಗ ಹುಳವನ್ನು ಒಗೆಯಲಿಲ್ಲ. ಡಬ್ಬಿಗೆ ಮಣ್ಣು ತುಂಬಿ, ದಿನವೂ ಹೆಸರಿನ ಎಲೆ ಹಾಕಿದ. ಕೆಲವೇ ದಿನಗಳಲ್ಲಿ ಹುಳ ಮಣ್ಣಿಗಿಳಿಯಿತು. ಕೆದಕಿ ನೋಡಿದರೆ ಕಂದು ಕೋಶ. ಅದರ ತಲೆಯ ಕಡೆ ಚಹಾ ಕಪ್ಪಿನ ಹಿಡಿಯಂಥ ಬಾಗು. ಅದು ಪತಂಗದ ಹೀರುಕೊಳವೆ ಬೆಳೆಯುವ ಒರೆ. ಮೈಗಿಂತ ಉದ್ದವಾಗಬಲ್ಲ ಈ ಕೊಳವೆಯಿಂದ ಪತಂಗ ಹೂವಿನ ಮೇಲೆ ಕೂರದೆ, ಗಾಳಿಯಲ್ಲೇ ನಿಂತು ಮಕರಂದ ಹೀರುತ್ತದೆ. ಪಪ್ಪಾಯಿಯ ಗಂಡು ಗಿಡದ ಪರಾಗವನ್ನು ಹೆಣ್ಣು ಗಿಡಕ್ಕೆ ಮುಟ್ಟಿಸುವವರಲ್ಲಿ ಗಿಡುಗ ಪತಂಗಗಳೂ ಇವೆ. ಹೆಸರಿನ ಹೊಲದ ಕಳ್ಳ, ಪಪ್ಪಾಯಿ ತೋಟದ ಆಳು!

ಕೆಲವು ವಾರಗಳ ನಂತರ ಒಂದು ಮುಸ್ಸಂಜೆ ಡಬ್ಬಿಯಲ್ಲಿ ಬೂದು ಪತಂಗ ಕೂತಿತ್ತು, ಹೊಟ್ಟೆಯ ಪಕ್ಕದಲ್ಲಿ ಗುಲಾಬಿ ಪಟ್ಟೆ. ರೆಕ್ಕೆ ಗಡಗಡ ನಡುಗುತ್ತಿತ್ತು. ಸಾಯುತ್ತಿದೆಯೆಂದು ಹುಡುಗನ ಕಣ್ಣು ತುಂಬಿತು. ಆದರೆ ಅದು ಹಾರುವ ಮೊದಲಿನ ಸಿದ್ಧತೆ. ಎದೆಯ ಸ್ನಾಯುಗಳನ್ನು ನಡುಗಿಸಿ ಮೈ ಬಿಸಿ ಮಾಡಿಕೊಳ್ಳದೆ ಇಂಥ ಭಾರದ ಪತಂಗ ಮೇಲೇಳದು.

ಇದೇ ಜಾತಿಯ ಪತಂಗಗಳು ಆಫ್ರಿಕದಿಂದ ಯುರೋಪಿನವರೆಗೆ ವಲಸೆ ಹೋಗುತ್ತವೆ. ಬ್ರಿಟನ್ನಿನ ಚಳಿಗಾಲವನ್ನು ಮಾತ್ರ ತಾಳಲಾರವು. ಇದರ ಹತ್ತಿರದ ಬಂಧುವಾದ ತಲೆಬುರುಡೆ ಪತಂಗಕ್ಕೆ ವಿಜ್ಞಾನಿಗಳು ಪುಟ್ಟ ರೇಡಿಯೋ ಅಂಟಿಸಿ, ಚಿಕ್ಕ ವಿಮಾನದಲ್ಲಿ ಆಲ್ಪ್ಸ್ ಕಡೆಗೆ ಬೆನ್ನಟ್ಟಿದರು. ಒಂದೇ ರಾತ್ರಿಯಲ್ಲಿ 80 ಕಿಲೋಮೀಟರಿಗೂ ಮಿಕ್ಕಿ ಹಾರಿದವು ಇದ್ದವು. ಗಾಳಿ ಎತ್ತಲಿಂದ ಬೀಸಿದರೂ ದಾರಿ ನೇರ. ಈ ಸಂಶೋಧನೆ 2022ರಲ್ಲಿ ಪ್ರಕಟವಾಯಿತು.

ಡಬ್ಬಿಯ ಪತಂಗ ನಡುಕ ನಿಲ್ಲಿಸಿ, ಅಂಗಳದ ಬೇವಿನ ಮರ ದಾಟಿ ಕತ್ತಲಲ್ಲಿ ಸೇರಿಹೋಯಿತು.

"ಎಲ್ಲಿಗಿ ಹೋಯ್ತು ಮುತ್ಯಾ?"

"ಎಲ್ಲಿಗ್ಯರ ಹೋಗ್ಲಿ. ತತ್ತಿ ಇಡಾಕ ನಮ್ಮ ಹೊಲಕ್ಕ ಬರದಿದ್ರ ಸಾಕು," ಎಂದರು ಮುತ್ಯಾ. ಎಂದವರು, ಅದು ಹೋದ ದಿಕ್ಕನ್ನೇ ನೋಡುತ್ತ ನಿಂತಿದ್ದರು.